ವೈವಾ ನಮಗಾ, ನಮ್ಮ ಭಯಕ್ಕಾ?

ವೈವಾ ಮುಗಿಸಿ ಕಾರಿಡಾರ್‌ಗೆ ಬಂದ ಮೇಲೆ ಉತ್ತರ ನೆನಪಾಗೋದು ಯಾರಿಗೂ ಹೊಸದಲ್ಲ. "ಅಯ್ಯೋ, ಗೊತ್ತಿತ್ತು ಮಗಾ!" ಅಂತ ಎಲ್ಲರೂ ಹೇಳ್ತೀವಿ. ಅದು ಬರೀ ನೆಪ ಅಂತ ಕೇಳಿದವರು ನಗ್ತಾರೆ. ನನ್ನ ಪ್ರಕಾರ ಬಹಳ ಸಲ ಅದು ನಿಜ.

ಸರ್ಕ್ಯೂಟ್ ವಿವರಿಸುವಾಗ ಬೇಕಾದ ವಿಷಯಗಳನ್ನು ಆ ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿಗೆ ವರ್ಕಿಂಗ್ ಮೆಮರಿ ಅಂತಾರೆ. ಕಂಪ್ಯೂಟರ್‌ನ ರ‍್ಯಾಮ್ ಇದ್ದ ಹಾಗೆ, ಅದೂ ತೀರಾ ಕಡಿಮೆ. "ಬೈದರೆ? ಮಾರ್ಕ್ಸ್ ಹೋದರೆ? ಮನೇಲಿ ಏನು ಹೇಳಲಿ?" ಅನ್ನೋ ಯೋಚನೆಗಳೂ ಅಲ್ಲೇ ಬಂದು ಕೂರುತ್ತವೆ. ಇನ್ನು ಉತ್ತರಕ್ಕೆ ಜಾಗ ಎಲ್ಲಿ? ನಾನು ಇಂಗ್ಲಿಷ್ ಮೀಡಿಯಂ, ವಾಕ್ಯ ಕಟ್ಟುವ ಚಿಂತೆ ನನಗಿಲ್ಲ. ಸಿಂಧನೂರಿನಿಂದಲೋ ತುರುವೇಕೆರೆಯಿಂದಲೋ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಆ ಭಾರವೂ ಸೇರುತ್ತೆ. ಹಾಸ್ಟೆಲ್‌ನಲ್ಲಿ ಕನ್ನಡದಲ್ಲೇ ನನಗೆ ಆಪ್-ಆಂಪ್ ಅರ್ಥ ಮಾಡಿಸಿದ ಹುಡುಗ ವೈವಾದಲ್ಲಿ ಬಾಯೇ ಬಿಡಲ್ಲ ಅಂದರೆ, ಅಲ್ಲಿ ಅಳೆದದ್ದು ಏನನ್ನು?

"ಸ್ವಲ್ಪ ಭಯ ಇರಬೇಕಪ್ಪ, ಇಲ್ಲಾಂದ್ರೆ ಓದಲ್ಲ" ಅನ್ನೋ ಮಾತನ್ನು ನಾನು ಪೂರ್ತಿ ತಳ್ಳಿಹಾಕಲ್ಲ. 1908ರಲ್ಲಿ ಯರ್ಕೀಸ್ ಮತ್ತು ಡಾಡ್ಸನ್ ಅನ್ನೋ ಇಬ್ಬರು ಇಲಿಗಳಿಗೆ ಶಾಕ್ ಕೊಟ್ಟು ಕಲಿಸಿ ನೋಡಿದರು (ಪಾಪದ ಇಲಿಗಳು). ಸುಲಭದ ಕೆಲಸವನ್ನು ಶಾಕ್ ಜೋರಾದಷ್ಟೂ ಬೇಗ ಕಲಿತವು. ಕಷ್ಟದ ಕೆಲಸದಲ್ಲಿ ಮಾತ್ರ ಜೋರು ಶಾಕ್ ಕಲಿಕೆಯನ್ನು ಕೆಡಿಸಿತು. ಸಿಗ್ನಲ್ಸ್ ಆಂಡ್ ಸಿಸ್ಟಮ್ಸ್ ಸುಲಭದ ಕೆಲಸವಾ, ನೀವೇ ಹೇಳಿ.

ತಪ್ಪಿನ ಭಯ ಇಲ್ಲದಿದ್ದರೆ ಏನಾಗಬಹುದು ಅನ್ನೋದಕ್ಕೆ ನಮ್ಮ ಪೀಣ್ಯವನ್ನೇ ನೋಡಿ. ಇಸ್ರೋದ ಇಸ್ಟ್ರಾಕ್ ಇರೋದು ಅಲ್ಲೇ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ಲ್ಯಾಂಡರ್ ಸಂಪರ್ಕ ಕಡಿದುಹೋಯಿತು. ಅಧ್ಯಕ್ಷ ಕೆ. ಶಿವನ್ ಅತ್ತದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಆಮೇಲೆ ಎಲ್ಲೆಲ್ಲಿ ಏನೇನು ಕೆಡಬಹುದು ಅನ್ನೋದನ್ನೇ ಮುಂದಿಟ್ಟುಕೊಂಡು ಚಂದ್ರಯಾನ-3ನ್ನು ರೂಪಿಸಿದರು. 2023ರ ಆಗಸ್ಟ್ 23ರ ಸಂಜೆ ಅದು ಇಳಿಯಿತು. "ಇಲ್ಲಿ ತಪ್ಪಾಯ್ತು" ಅಂತ ಹೇಳೋಕೆ ಹೆದರುವ ಜಾಗದಲ್ಲಿ ಇಂಥ ಕೆಲಸ ಆಗೋದು ಕಷ್ಟ ಅಂತ ನನಗನ್ನಿಸುತ್ತೆ. ನಮ್ಮ ಲ್ಯಾಬ್‌ಗಳಲ್ಲಿ ರೀಡಿಂಗ್ ತಪ್ಪು ಬಂದರೆ ಮೊದಲು ನಡೆಯೋದು ಪಕ್ಕದ ಟೇಬಲ್‌ನಿಂದ ಕಾಪಿ.

ದೊಡ್ಡ ಬದಲಾವಣೆಯೇನೂ ಬೇಕಿಲ್ಲ. ಪರೀಕ್ಷೆಗೆ ಮುಂಚೆ 10 ನಿಮಿಷ ತಮ್ಮ ಆತಂಕವನ್ನು ಹಾಳೆಯ ಮೇಲೆ ಬರೆದ ವಿದ್ಯಾರ್ಥಿಗಳು, ಅದರಲ್ಲೂ ಜಾಸ್ತಿ ಹೆದರುವವರು, ಚೆನ್ನಾಗಿ ಮಾಡಿದರು ಅಂತ ರಮಿರೆಜ್ ಮತ್ತು ಬೈಲಾಕ್ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ಅದಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ವೈವಾದ ಮೊದಲ ಪ್ರಶ್ನೆ ರೆಕಾರ್ಡ್‌ನಲ್ಲೇ ಇರುವಂಥದ್ದಾಗಲಿ, ಬಾಯಿ ತೆರೆದುಕೊಳ್ಳುತ್ತೆ. ಬೇಕಾದವರು ಕನ್ನಡದಲ್ಲಿ ವಿವರಿಸಲಿ, ಟೆಕ್ನಿಕಲ್ ಪದಗಳು ಹೇಗೂ ಇಂಗ್ಲಿಷ್‌ನಲ್ಲೇ ಬರುತ್ತವೆ. ಅಧ್ಯಾಪಕರು ಒಪ್ಪಿದರೆ ಮುಂದಿನ ಇಂಟರ್ನಲ್ಸ್‌ನಲ್ಲಿ ಒಂದೇ ಒಂದು ಬ್ಯಾಚ್‌ಗೆ ಮಾಡಿ ನೋಡಲಿ. ಸಿಲಬಸ್ ಕಮ್ಮಿ ಮಾಡಿ, ಸುಮ್ಮನೆ ಮಾರ್ಕ್ಸ್ ಕೊಡಿ ಅಂತ ಯಾರೂ ಕೇಳ್ತಿಲ್ಲ.