ಸೀಟು ನಮ್ದು, ಆಯ್ಕೆ ಯಾರ್ದು?



'ಮೀಸಲು ಕ್ಷೇತ್ರ ಕೊಟ್ಟಿದೀವಲ್ಲ, ಇನ್ನೇನು ಬೇಕು ನಿಮಗೆ?' ಅಂತ ಕೇಳೋರು ಪ್ರತಿ ಚುನಾವಣೆಗೂ ಸಿಗ್ತಾರೆ. ಅವರಿಗೆ ಉತ್ತರ ಕೊಡೋಕೆ ತೌಲನಿಕ ರಾಜಕೀಯ ಕಲಿಸಿದ ಒಬ್ಬ ಮೇಷ್ಟ್ರನ್ನ ಓದಬೇಕು.

ಅವರ ಹೆಸರು ಅರೆಂಡ್ ಲೈಪ್‌ಹಾರ್ಟ್. ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ, ಹಲವು ವರ್ಷ ಪಾಠ ಮಾಡಿದ್ದು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ತಮ್ಮ ದೇಶದಲ್ಲಿ ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಸಮಾಜವಾದಿಗಳು ಬೇರೆ ಬೇರೆ ಶಾಲೆ, ಬೇರೆ ಬೇರೆ ಪತ್ರಿಕೆ ಇಟ್ಟುಕೊಂಡು ಬದುಕಿದರೂ ಪ್ರಜಾಪ್ರಭುತ್ವ ಮುರಿದು ಬೀಳಲಿಲ್ಲ, ಯಾಕೆ? ಇದು ಅವರ ಪ್ರಶ್ನೆ. ಒಡೆದ ಸಮಾಜಕ್ಕೆ ನಾಲ್ಕು ಬೇಕು ಅಂದರು: ಎಲ್ಲ ಗುಂಪುಗಳೂ ಕೂಡಿ ನಡೆಸುವ ಸರ್ಕಾರ, ಸಂಖ್ಯೆಗೆ ತಕ್ಕ ಪಾಲು, ತಮ್ಮ ವಿಷಯದಲ್ಲಿ ಸ್ವಾಯತ್ತತೆ, ತಮಗೆ ಕೇಡಾಗುವ ತೀರ್ಮಾನ ತಡೆಯುವ ಅಧಿಕಾರ. 1996ರ ಒಂದು ಪ್ರಬಂಧದಲ್ಲಿ ಭಾರತವೂ ಈ ಮಾದರಿಗೆ ಹೊಂದುತ್ತೆ ಅಂತ ವಾದಿಸಿದರು.

ನನ್ನ ತಕರಾರು ಇಲ್ಲೇ. ಭಾಷೆಗೆ ರಾಜ್ಯ ಸಿಕ್ಕಿತು, ಧರ್ಮಕ್ಕೆ ವೈಯಕ್ತಿಕ ಕಾನೂನು ಸಿಕ್ಕಿತು. ನಮಗೆ? ನಾಲ್ಕರಲ್ಲಿ ಸಿಕ್ಕಿದ್ದು ಒಂದೇ, ಪಾಲು. ಅದೂ ಅರ್ಧ.

1932ರ ಕೋಮುವಾರು ತೀರ್ಪು ನಮಗೆ ಎರಡು ಓಟು ಕೊಟ್ಟಿತ್ತು. ಒಂದು ನಮ್ಮ ಪ್ರತಿನಿಧಿಗೆ, ಇನ್ನೊಂದು ಸಾಮಾನ್ಯ ಕ್ಷೇತ್ರದಲ್ಲಿ. ಗಾಂಧಿ ಉಪವಾಸ ಕೂತರು, ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯ್ತು. ಸೀಟು ಹೆಚ್ಚುಕಮ್ಮಿ ದುಪ್ಪಟ್ಟಾಗಿ 148 ಆದವು. ಆದ್ರೆ ಕೊನೆಯ ಆಯ್ಕೆ ನಮ್ಮ ಕೈತಪ್ಪಿತು.

ಇವತ್ತು ಕರ್ನಾಟಕದ 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ ಮೀಸಲು. ಬಹುಪಾಲು ಕಡೆ ನಮ್ಮ ಮತದಾರರು ಅರ್ಧಕ್ಕಿಂತ ಕಡಿಮೆ. ಕೇರಿಯಲ್ಲಿ ದೌರ್ಜನ್ಯ ಆದಾಗ ನಮ್ಮ ಶಾಸಕ ಯಾಕೆ ಬಾಯಿ ಬಿಡಲ್ಲ ಅಂತ ಬೈತೀವಿ. ಅವನ ಧೈರ್ಯ ಅಳೆಯೋ ಮೊದಲು ಅವನ ಓಟಿನ ಲೆಕ್ಕ ನೋಡಿ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣವನ್ನ ಗ್ಯಾರಂಟಿ ಯೋಜನೆಗಳಿಗೆ ಬಳಸಿದಾಗ ತಡೆಯೋ ಅಧಿಕಾರ ಈ 36 ಜನಕ್ಕೆ ಇತ್ತಾ? ಇಲ್ಲ.

'ಪ್ರತ್ಯೇಕ ಮತದಾನ ಕೊಟ್ರೆ ದೇಶ ಒಡೆಯುತ್ತೆ' ಅಂತಾರೆ. ನ್ಯೂಜಿಲೆಂಡ್ ನೋಡಿ. 1867ರಿಂದ ಮಾವೊರಿ ಜನರಿಗೆ ಅಲ್ಲಿ ಬೇರೆ ಸೀಟುಗಳಿವೆ. ಮಾವೊರಿ ಪಟ್ಟಿಗೆ ಸೇರಬೇಕಾ, ಸಾಮಾನ್ಯ ಪಟ್ಟಿಗಾ ಅನ್ನೋದನ್ನ ಅವರೇ ತೀರ್ಮಾನಿಸ್ತಾರೆ. ಆ ದೇಶ ಒಡೆದಿಲ್ಲ.

ಇದನ್ನೆಲ್ಲ ಹೊರಗಿನವರು ಬಂದು ಹೇಳಬೇಕಾಗಿರಲಿಲ್ಲ. ಲೈಪ್‌ಹಾರ್ಟ್ ಸಿದ್ಧಾಂತ ರೂಪಿಸೋಕೆ ಸುಮಾರು ಇಪ್ಪತ್ತು ವರ್ಷ ಮೊದಲೇ, 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ, ಸಂಪುಟದಲ್ಲಿರುವ ಅಲ್ಪಸಂಖ್ಯಾತರ ಪ್ರತಿನಿಧಿಯನ್ನ ಸದನದ ಅದೇ ಸಮುದಾಯದ ಸದಸ್ಯರು ಆರಿಸಬೇಕು ಅಂತ ಬಾಬಾಸಾಹೇಬರು ಬರೆದಿದ್ದರು. ಬ್ರಿಟನ್ ಮಾದರಿಯನ್ನ ಹಾಗೇ ತಂದರೆ ಇಲ್ಲಿ ಜಾತಿ ಬಹುಮತವೇ ಆಳುತ್ತೆ ಅನ್ನೋದು ಅವರ ವಾದ. ಇದು ತೌಲನಿಕ ರಾಜಕೀಯ ಅಲ್ದೆ ಇನ್ನೇನು?

ನಾಳೆ ಬೆಳಿಗ್ಗೆಯೇ ಪ್ರತ್ಯೇಕ ಮತಕ್ಷೇತ್ರ ಬರಲ್ಲ, ಸಂವಿಧಾನದ 325ನೇ ವಿಧಿ ಇದೆ. ಆದ್ರೆ ಚರ್ಚೆಗೆ ಯಾವ ವಿಧಿಯೂ ಅಡ್ಡ ಇಲ್ಲ. ರಾಜ್ಯಶಾಸ್ತ್ರ ಓದ್ತಿರೋ ನಮ್ಮ ಹುಡುಗ ಹುಡುಗಿಯರೇ, ಸಂವಿಧಾನ ಬರೆದವರು ಅಂತ ಒಂದು ಸಾಲಲ್ಲಿ ಬಾಬಾಸಾಹೇಬರನ್ನ ಮುಗಿಸೋಕೆ ಬಿಡಬೇಡಿ. ತೌಲನಿಕ ರಾಜಕೀಯದ ಪಠ್ಯದಲ್ಲೂ ಅವರನ್ನ ಕೇಳಿ. ಮೀಸಲು ಕ್ಷೇತ್ರದ ಶಾಸಕರು ಸಿಕ್ಕಾಗ ಒಂದೇ ಪ್ರಶ್ನೆ ಹಾಕಿ: ಕಳೆದ ಐದು ವರ್ಷದಲ್ಲಿ ನಮಗೆ ಕೇಡಾಗೋ ಯಾವ ತೀರ್ಮಾನವನ್ನ ನೀವು ತಡೆದಿರಿ?

ಜೈ ಭೀಮ್.