ಲಾರಿ ಚಾಲಕರ ಗಂಟೆ ಎಣಿಸುವವರು ಯಾರು?



ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳಲ್ಲಿ ಪಂಜಾಬಿನ ಜಲಂಧರದಿಂದ ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಬಿತ್ತನೆ ಆಲೂಗೆಡ್ಡೆ ಬರುವುದನ್ನು ನೀವೆಲ್ಲ ಬಲ್ಲಿರಿ. ಮೂಟೆ ಬಿಚ್ಚಿ, ಗೆಡ್ಡೆ ಕೊಳೆತಿದೆಯೇ, ಕಣ್ಣು ಚೆನ್ನಾಗಿದೆಯೇ ಎಂದು ನೋಡುತ್ತೇವೆ. ತಂದ ಚಾಲಕ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾನೆ ಎಂದು ಕೇಳುವವರು ಕಡಿಮೆ. ದಾರಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಗಂಟೆಗೆ 45 ಕಿ.ಮೀ.ನಂತೆ ದಿನಕ್ಕೆ 8 ಗಂಟೆ ಓಡಿಸಿದರೆ 360 ಕಿ.ಮೀ. ಆಯಿತು, ಒಬ್ಬನೇ ಚಾಲಕನಿಗೆ ಆರು ದಿನಕ್ಕೆ ಕಡಿಮೆಯಾಗದು. ಮೂರು ದಿನದಲ್ಲಿ ಮಾಲು ಬೇಕೆಂದರೆ ಇಬ್ಬರು ಚಾಲಕರಿರಬೇಕು, ಇಲ್ಲವೇ ಒಬ್ಬನೇ ಕಣ್ಣುಜ್ಜಿಕೊಂಡು ಓಡಿಸಬೇಕು.

ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೊತ್ತುಮಾಡಿತ್ತು. ಐದು ಗಂಟೆಯ ಕೆಲಸಕ್ಕೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದೂ ಹೇಳಿತ್ತು. ಆ ಕಾಯಿದೆ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿತು. 8 ಗಂಟೆಯ ಮಿತಿ ಉಳಿಯಿತು. ವಿಮಾನ ಚಾಲಕರಿಗಿರುವಂತೆ ಲಾರಿ ಚಾಲಕರಿಗೂ ಗಂಟೆ ನಿಗದಿಯಾಗಬೇಕೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು 2021ರಲ್ಲಿ ಹೇಳಿದ್ದರು. ಅಂದರೆ ಅರವತ್ತು ವರ್ಷ ಕಳೆದರೂ ಎಣಿಸುವ ವ್ಯವಸ್ಥೆ ಕೈಗೂಡಿರಲಿಲ್ಲ.

ಯುರೋಪಿನಲ್ಲಿ ಎಣಿಸುತ್ತಾರೆ. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಚಾಲಕ ತನ್ನ ಹೆಸರಿನ ಕಾರ್ಡನ್ನು ಲಾರಿಯಲ್ಲಿರುವ ಟ್ಯಾಕೋಗ್ರಾಫ್ ಯಂತ್ರಕ್ಕೆ ಸಿಕ್ಕಿಸುತ್ತಾನೆ. ತಪಾಸಣೆಯ ಅಧಿಕಾರಿ ಅದರ ಲೆಕ್ಕವನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡುತ್ತಾನೆ. ನಮ್ಮಲ್ಲಿ ಹೊಸ ಬಸ್ಸು, ಟ್ಯಾಕ್ಸಿಗಳಿಗೆ 2019ರಿಂದ ವಾಹನ ಎಲ್ಲಿದೆಯೆಂದು ತಿಳಿಸುವ ಜಿಪಿಎಸ್ ಪೆಟ್ಟಿಗೆ ಬಂದಿದೆ. ಹಳೆಯ ವಾಹನಗಳಿಗೂ ನ್ಯಾಷನಲ್ ಪರ್ಮಿಟ್ ಲಾರಿಗಳಿಗೂ ಅದನ್ನು ಅಳವಡಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶ ಮಾಡಿತು. ಈ ಪೆಟ್ಟಿಗೆ ಲಾರಿ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ಸ್ಟೀರಿಂಗ್ ಹಿಡಿದವನು ಯಾರು ಎಂದು ಹೇಳದು. ಇಬ್ಬರು ಸರದಿಯಲ್ಲಿ ಓಡಿಸಿದರೂ ಒಬ್ಬನೇ ಓಡಿಸಿದರೂ ಅದಕ್ಕೆ ಒಂದೇ.

ಆದ್ದರಿಂದ ಚಾಲಕನ ಕಾರ್ಡಿನ ಪದ್ಧತಿ ಬರಲೇಬೇಕು. ಬಂದಾಗ ಒಂದು ಮಾತನ್ನು ಸರ್ಕಾರ ಮರೆಯಬಾರದು. ತಪಾಸಣೆಯ ತಂತ್ರಾಂಶ ಗುದ್ದಲಿ, ನೇಗಿಲಿನಂತೆ ಒಮ್ಮೆ ಕೊಂಡರೆ ಮುಗಿಯುವ ವಸ್ತುವಲ್ಲ. ಟ್ರ್ಯಾಕ್ಟರಿನ ವಿಮೆಯಂತೆ ಅದರ ಲೈಸೆನ್ಸನ್ನು ಅವಧಿಗೆ ಸರಿಯಾಗಿ ನವೀಕರಿಸಬೇಕು. ಸರ್ಕಾರಿ ಕಚೇರಿಗಳ ರೀತಿ ನನಗೆ ಗೊತ್ತು. ಯಂತ್ರ ಕೊಳ್ಳಲು ಹಣ ಸಿಗುತ್ತದೆ, ಪೂಜೆಯೂ ಆಗುತ್ತದೆ. ಮೂರನೆಯ ವರ್ಷದ ಶುಲ್ಕಕ್ಕೆ ಕಡತ ಮೇಜಿನಿಂದ ಮೇಜಿಗೆ ತಿರುಗುತ್ತದೆ. ಲೈಸೆನ್ಸ್ ಅವಧಿ ಮಾರ್ಚ್ 31ಕ್ಕೆ ಮುಗಿಯುವಂತಿದ್ದರೆ ಇನ್ನೂ ಕಷ್ಟ. ಹೊಸ ವರ್ಷದ ಅನುದಾನ ಬಿಡುಗಡೆಯಾಗುವಷ್ಟರಲ್ಲಿ ಬಿತ್ತನೆ ಗೆಡ್ಡೆಯ ಲಾರಿಗಳು ಬಂದು ಹೋಗಿರುತ್ತವೆ. ಐದು ವರ್ಷದ ನವೀಕರಣದ ಹಣವನ್ನು ಮೊದಲ ಟೆಂಡರಿನಲ್ಲಿಯೇ ಸೇರಿಸಬೇಕು, ಅವಧಿ ಸೆಪ್ಟೆಂಬರಿಗೆ ಮುಗಿಯುವಂತೆ ಬರೆಯಬೇಕು. ಸಾರಿಗೆ ಇಲಾಖೆಯವರು ಇದನ್ನು ಗಮನಿಸುವುದು ಒಳ್ಳೆಯದು.

ಬಾಡಿಗೆ ಏರುತ್ತದೆ ಎಂಬ ಆತಂಕ ನಿಮಗಿರುವುದು ಸಹಜ. ಸ್ವಲ್ಪ ಏರಬಹುದು. ಆದರೆ ಲಾರಿ ಮಗುಚಿದರೆ ಗೆಡ್ಡೆಯೂ ಹೋಯಿತು, ಬಿತ್ತನೆಯ ಹದವೂ ಹೋಯಿತು. ಚಾಲಕನ ಮನೆಯ ಗತಿ ಬೇರೆ.

ನಮ್ಮ ಪಾಲಿನ ಕೆಲಸವೂ ಇದೆ. ಅರಕಲಗೂಡು, ಹೊಳೆನರಸೀಪುರದ ಕಡೆ ಶುಂಠಿ ತೊಳೆದು ತುಂಬುವುದು ತಡವಾಗಿ, ಬೆಳಗಾಗುವುದರೊಳಗೆ ಮಾರುಕಟ್ಟೆ ಮುಟ್ಟಿಸೆಂದು ಚಾಲಕನನ್ನು ಅವಸರಪಡಿಸುವುದುಂಟು. ಚನ್ನರಾಯಪಟ್ಟಣದ ತೆಂಗಿನಕಾಯಿಯ ಲೋಡಿಗೂ ಇದೇ ಮಾತು. ಹಗಲಿಡೀ ಹೊಲದ ಬದುವಿನಲ್ಲಿ ಕಾದು ಕುಳಿತವನು ವಿಶ್ರಾಂತಿ ಪಡೆದನೆಂದು ಲೆಕ್ಕ ಹಿಡಿಯಬಾರದು. ಸಂಜೆ ನಾಲ್ಕರೊಳಗೆ ಲೋಡು ಮುಗಿಸಿಕೊಡುವುದು ನಮ್ಮ ಕೈಯಲ್ಲಿದೆ; ಅದಕ್ಕೆ ಯಾವ ತಂತ್ರಾಂಶವೂ ಬೇಡ. ದೂರದ ಲಾರಿ ಗೊತ್ತುಮಾಡುವಾಗ ಎರಡನೆಯ ಚಾಲಕ ಇದ್ದಾನೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿರಿ.