ಗೆಳೆಯರು ಅಂತ ಹೇಳಿ: ಡೈಕೊಕುವಿನಲ್ಲಿ ಒಂದು ರಾತ್ರಿ

“ಪೊಲೀಸರು ಕೇಳಿದರೆ ನಾವೆಲ್ಲ ಗೆಳೆಯರು ಅಂತ ಹೇಳಿ. ದುಡ್ಡಿನ ಮಾತೆತ್ತಬೇಡಿ.”

ಟೋಕಿಯೊದ ಶಿಂಜುಕುವಿನ ಹಿಂಬದಿಯ ಬೀದಿಯೊಂದರಲ್ಲಿ ನಾವು ಮೂವರು ಕಾರಿನೊಳಗೆ ತುರುಕಿಕೊಂಡು ಬಾಗಿಲು ಹಾಕಿಕೊಂಡ ಮೇಲೆ ಚಾಲಕ ಹೇಳಿದ ಮೊದಲ ಮಾತಿದು. ಮುಂದಿನ ಸೀಟಿನಲ್ಲಿ ಆಸ್ಟ್ರೇಲಿಯಾದ ಹುಡುಗ, ಹಿಂದೆ ನಾನು ಮತ್ತು ದಾವಣಗೆರೆಯ ಗೆಳೆಯ. ತಲಾ 15 ಸಾವಿರ ಯೆನ್, ಅಂದರೆ ಹೆಚ್ಚುಕಡಿಮೆ ಒಂಬತ್ತು ಸಾವಿರ ರೂಪಾಯಿ, ಆಗಲೇ ಆನ್‌ಲೈನಿನಲ್ಲಿ ಕಟ್ಟಿಯಾಗಿತ್ತು. ಗೆಳೆತನಕ್ಕೆ ಇಷ್ಟು ದರ ಕೊಟ್ಟದ್ದು ಅದೇ ಮೊದಲು. ಎಲ್ಲರೂ ನಕ್ಕೆವು. ಆಸ್ಟ್ರೇಲಿಯಾದವನು ‘ತೊಮೊದಾಚಿ, ತೊಮೊದಾಚಿ’ ಎನ್ನುತ್ತಾ ಚಾಲಕನ ಭುಜ ತಟ್ಟಿದ. ಜಪಾನಿ ಭಾಷೆಯಲ್ಲಿ ಹಾಗೆಂದರೆ ಗೆಳೆಯ.

ಜಾಹೀರಾತಿನಲ್ಲಿ ಇದ್ದದ್ದು ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್. ಬಂದದ್ದು ಅದೇ ಕಾಲದ, ಆರ್34 ಮಾದರಿಯ ನಾಲ್ಕು ಬಾಗಿಲಿನ ಸೆಡಾನ್. ಮುಂದಿನ ಬಂಪರ್ ಮಾತ್ರ ಜಿಟಿ-ಆರ್‌ನಂತೆ ಕಾಣುವುದು. ಮೋಸ ಎನ್ನುವಂತಿಲ್ಲ, ಟರ್ಬೊ ಎಂಜಿನ್ನೇ ಇತ್ತು. ಆದರೆ 2003ರಲ್ಲಿ ಬಂದ ‘ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್’ ಆಟದ ಮುಖಪುಟದಲ್ಲಿದ್ದ ಕಾರನ್ನು ನೋಡುತ್ತಾ ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಸುರಿದ ತಲೆಮಾರು ನಮ್ಮದು. ಬಾಗಿಲು ಎರಡೋ ನಾಲ್ಕೋ ಎಂದು ಎಣಿಸದೆ ಇರಲಾಗುತ್ತದೆಯೇ!

ನಾವು ಹೊರಟಿದ್ದು ಯೊಕೊಹಾಮಾದ ಡೈಕೊಕು ಪಾರ್ಕಿಂಗ್ ಏರಿಯಾಕ್ಕೆ. ಕೆಲಸದ ನಿಮಿತ್ತ ಒಂದು ವರ್ಷದಿಂದ ನಾನಿರುವುದು ಪಕ್ಕದ ಕಾವಾಸಾಕಿಯಲ್ಲಿ. ಆದರೂ ನಾನಾಗಿ ಅಲ್ಲಿಗೆ ಹೋಗುವಂತಿರಲಿಲ್ಲ. ಡೈಕೊಕು ಇರುವುದು ಸಮುದ್ರ ತುಂಬಿಸಿ ಮಾಡಿದ ದ್ವೀಪದ ಮೇಲೆ, ಎಕ್ಸ್‌ಪ್ರೆಸ್‌ವೇಯ ಸುರುಳಿಗಳ ನಡುವೆ. ರೈಲಿಲ್ಲ, ಕಾಲುದಾರಿಯಿಲ್ಲ. ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಹೆದ್ದಾರಿಯೊಂದೇ ದಾರಿ. ಸ್ವಂತ ಕಾರಿಲ್ಲದವನಿಗೆ ಯಾರದಾದರೂ ಕಾರು ಬೇಕು. ಈ ‘ಯಾರದಾದರೂ’ ಎಂಬುದರ ಸುತ್ತಲೇ ಈಗ ಒಂದು ವ್ಯಾಪಾರ ಹುಟ್ಟಿಕೊಂಡಿದೆ.

ವಾಂಗಾನ್ ಎಂದು ಕರೆಯುವ ಕೊಲ್ಲಿ ತೀರದ ಹೆದ್ದಾರಿ ಹಿಡಿದು, ಹನೆದಾ ವಿಮಾನ ನಿಲ್ದಾಣ ದಾಟಿ, ತಾಮಾ ನದಿಯ ಕೆಳಗಿನ ಸುರಂಗ ಹೊಕ್ಕು, ಸುರುಮಿ ಸುಬಾಸಾ ಸೇತುವೆ ಮೇಲೆ ಬಂದಾಗ ಎಡಬಲಕ್ಕೆ ಕಾರ್ಖಾನೆಗಳ ದೀಪ. ಒಪ್ಪಿಕೊಳ್ಳುತ್ತೇನೆ, ಮೈ ಜುಂ ಎಂದಿತು. ಸುರಂಗದಲ್ಲಿ ಗೇರ್ ಇಳಿಸಿದಾಗ ಬಂದ ಸದ್ದಿಗೆ ಗೆಳೆಯ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಸ್ಪೀಡೋಮೀಟರ್ ನೋಡಬಾರದು ಎಂದು ಇಬ್ಬರೂ ಮಾತಾಡದೆಯೇ ನಿರ್ಧರಿಸಿದ್ದೆವು.

ಎಂಟು ಗಂಟೆಗೆ ಡೈಕೊಕು ತುಂಬಿತ್ತು. ನೆಲಕ್ಕೆ ಹೊಟ್ಟೆ ತಾಗುವಂತೆ ಇಳಿಸಿದ ಟೊಯೊಟಾ ಕ್ರೌನ್‌ಗಳು, ರೆಕ್ಕೆ ಕಟ್ಟಿಕೊಂಡ ಮಜ್ದಾ ಆರ್‌ಎಕ್ಸ್-7ಗಳು, ಮೈತುಂಬ ಅನಿಮೆ ಹುಡುಗಿಯರ ಚಿತ್ರ ಅಂಟಿಸಿಕೊಂಡ ‘ಇತಾಶಾ’ಗಳು, 660 ಸಿಸಿಯ ಪುಟಾಣಿ ಕೇ ಕಾರಿಗೆ ಯಾರೋ ಪ್ರೀತಿಯಿಂದ ಜೋಡಿಸಿದ ಬೆಳ್ಳಿ ಬಣ್ಣದ ಚಕ್ರಗಳು. ನನಗೆ ಹಿಡಿಸಿದ್ದು ಇವುಗಳಲ್ಲಿ ಯಾವುದೂ ಅಲ್ಲ. ಮೂಲೆಯಲ್ಲಿ ಅರವತ್ತು ದಾಟಿದ ದಂಪತಿ ತಮ್ಮ ಹಳೆಯ ಸ್ಕೈಲೈನ್ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕ್ಯಾನ್ ಕಾಫಿ ಕುಡಿಯುತ್ತಿದ್ದರು. ನಮ್ಮೂರಿನ ಜಾತ್ರೆಯಲ್ಲಿ ಎತ್ತುಗಳನ್ನು ಸಿಂಗರಿಸಿ ಕಟ್ಟಿ, ಪಕ್ಕದಲ್ಲಿ ಬೀಡಿ ಸೇದುತ್ತಾ ಕೂರುವ ರೈತರ ಗತ್ತೇ ಅದು. ನೋಡಿ ಎನ್ನುವುದಿಲ್ಲ, ನೋಡದಿದ್ದರೆ ಬೇಜಾರು.

ಆದರೆ ಆ ದಂಪತಿ ಸುತ್ತ ಏಳೆಂಟು ಮಂದಿ ಮೊಬೈಲ್ ಹಿಡಿದಿದ್ದರು. ಎಲ್ಲರೂ ನನ್ನಂಥವರು. ಒಬ್ಬ ಬಾನೆಟ್ ಮೇಲೆ ಕೈಯಿಟ್ಟು ಪೋಸು ಕೊಟ್ಟ. ಅಜ್ಜ ಎದ್ದು, ಏನೂ ಹೇಳದೆ, ಬಟ್ಟೆಯಿಂದ ಆ ಜಾಗ ಒರೆಸಿ ಮತ್ತೆ ಕೂತರು. ಸುಮ್ಮನೆ ಒಂದು ಲೆಕ್ಕ ಹಾಕಿದೆ: ಕಾರು ತಂದವರಿಗಿಂತ ಕಾರು ನೋಡಲು ಬಂದವರೇ ಹೆಚ್ಚಿದ್ದರು.

ಹೀಗೇಕಾಯಿತು? ಸಿನಿಮಾ ಒಂದು ಕಾರಣ. 2006ರ ‘ಟೋಕಿಯೊ ಡ್ರಿಫ್ಟ್’ ಮತ್ತು 1995ರಲ್ಲಿ ಶುರುವಾದ ‘ಇನಿಷಿಯಲ್ ಡಿ’ ಮಂಗಾ ಲೋಕದ ಹುಡುಗರಿಗೆಲ್ಲ ಈ ಕಾರುಗಳ ಹುಚ್ಚು ಹಿಡಿಸಿದವು. ಆದರೆ ಅವು ಬಂದು ವರ್ಷಗಳೇ ಆದವು. ಈಗಿನ ನೂಕುನುಗ್ಗಲಿಗೆ ದುಡ್ಡಿನ ಲೆಕ್ಕವೂ ಸೇರಿದೆ. 2024ರ ಜುಲೈನಲ್ಲಿ ಡಾಲರಿಗೆ 161 ಯೆನ್ ದಾಟಿ, ಯೆನ್ ಬೆಲೆ ಸುಮಾರು 38 ವರ್ಷಗಳಲ್ಲೇ ಕೆಳಕ್ಕೆ ಕುಸಿಯಿತು. ಆ ವರ್ಷ ಜಪಾನಿಗೆ ಬಂದ ವಿದೇಶಿಯರು 3.68 ಕೋಟಿ, ಅಲ್ಲಿಯವರೆಗಿನ ದಾಖಲೆ. ಕ್ಯೋಟೊದ ಗಿಯೊನ್‌ನಲ್ಲಿ ಗೇಯ್ಷಾಗಳ ಬೆನ್ನು ಹತ್ತುವ ಪ್ರವಾಸಿಗರ ಕಾಟಕ್ಕೆ ಖಾಸಗಿ ಓಣಿಗಳಿಗೆ ಪ್ರವೇಶ ನಿಷೇಧಿಸಿ, 10 ಸಾವಿರ ಯೆನ್ ದಂಡದ ಫಲಕ ಹಾಕಿದರು. ಫ್ಯೂಜಿ ಪರ್ವತದ ಫೋಟೊಗೆ ಮುಗಿಬೀಳುವವರನ್ನು ತಡೆಯಲು ಫುಜಿಕಾವಾಗುಚಿಕೊ ಎಂಬ ಊರಿನಲ್ಲಿ ಅಂಗಡಿಯ ಎದುರು ಕಪ್ಪು ಪರದೆ ಕಟ್ಟಿದರು. ಡೈಕೊಕು ಇದೇ ಸಾಲಿಗೆ ಸೇರುವ ಊರು. ಪರದೆ ಕಟ್ಟುವ ಬದಲು ಇಲ್ಲಿ ಗೇಟು ಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಕಾರಣ ಅಮೆರಿಕದ ಕಾನೂನು. ಅಲ್ಲಿನ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ತಯಾರಾಗದ ಕಾರನ್ನು 25 ವರ್ಷ ತುಂಬಿದ ಮೇಲೆ ಮಾತ್ರ ತಲೆನೋವಿಲ್ಲದೆ ಆಮದು ಮಾಡಿಕೊಳ್ಳಬಹುದು. 1989ರ ಆರ್32 ಜಿಟಿ-ಆರ್‌ಗೆ 2014ರಲ್ಲಿ, 1999ರ ಆರ್34ಕ್ಕೆ 2024ರಲ್ಲಿ ಬಾಗಿಲು ತೆರೆಯಿತು. ಬಾಗಿಲು ತೆರೆದಂತೆಲ್ಲ ಬೆಲೆ ಏರಿತು, ಒಳ್ಳೆಯ ಕಾರುಗಳು ಹಡಗು ಹತ್ತಿದವು. ಇತ್ತ ಜಪಾನಿನ ಪತ್ರಿಕೆಗಳಲ್ಲಿ ‘ಯುವಕರು ಕಾರಿನಿಂದ ದೂರವಾಗುತ್ತಿದ್ದಾರೆ’ ಎಂಬ ಗೋಳು ವರ್ಷಗಳಿಂದಲೂ ಇದೆ. ದೂರವಾಗದೆ ಏನು ಮಾಡಿಯಾರು? ನಗರದಲ್ಲಿ ಕಾರು ಕೊಳ್ಳಬೇಕಾದರೆ ಮೊದಲು ನಿಲ್ಲಿಸುವ ಜಾಗ ಇದೆಯೆಂದು ಪೊಲೀಸರಿಂದ ಪ್ರಮಾಣಪತ್ರ ತರಬೇಕು. (ಬೆಂಗಳೂರಿನಲ್ಲೂ ಈ ನಿಯಮದ ಮಾತು ಆಗಾಗ ಏಳುತ್ತದೆ, ಹಾಗೆಯೇ ಮಲಗುತ್ತದೆ.) ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ತಪಾಸಣೆ, ಅದರ ಖರ್ಚು ಬೇರೆ. ಅಲ್ಲಿಯ ಹುಡುಗರ ಕೈಗೆಟುಕದ ಕಾರನ್ನು ನಾವು ಒಂದು ಸಂಜೆಗೆ ಬಾಡಿಗೆ ಗೆಳೆತನದ ಲೆಕ್ಕದಲ್ಲಿ ಅನುಭವಿಸುತ್ತಿದ್ದೇವೆ.

ಒಂಬತ್ತೂವರೆಗೆ ಪೊಲೀಸ್ ವಾಹನ ಬಂತು. ಧ್ವನಿವರ್ಧಕದಲ್ಲಿ ಅತ್ಯಂತ ವಿನಯದ ಜಪಾನಿಯಲ್ಲಿ ಪ್ರಕಟಣೆ: ಪಾರ್ಕಿಂಗ್ ಮುಚ್ಚುತ್ತಿದ್ದೇವೆ, ದಯವಿಟ್ಟು ಹೊರಡಿ. ವಾರಾಂತ್ಯದ ರಾತ್ರಿಗಳಲ್ಲಿ ಇದು ಮಾಮೂಲು. ಲಾಠಿಯಿಲ್ಲ, ಬೈಗುಳವಿಲ್ಲ. ಕಾರುಗಳು ಒಂದೊಂದಾಗಿ ಸಾಲು ಹಿಡಿದವು.

ನಮ್ಮ ಕಾರಿನ ಬಳಿ ಒಬ್ಬ ಪೊಲೀಸ್ ನಿಂತ. ಟಾರ್ಚ್ ಬೆಳಕನ್ನು ನಂಬರ್ ಪ್ಲೇಟ್ ಮೇಲೆ ಹಾಯಿಸಿ, ಚಾಲಕನ ಜತೆ ಮಾತಾಡಿ, ನಮ್ಮತ್ತ ಬಗ್ಗಿ ಇಂಗ್ಲಿಷಿನಲ್ಲಿ “ಗೆಳೆಯರಾ?” ಎಂದು ಕೇಳಿದ. ನಾನು ತಲೆಯಾಡಿಸಿದೆ. ಮೂವರೂ ತಲೆಯಾಡಿಸಿದೆವು. ಆತ ಮುಂದಿನ ಕಾರಿನತ್ತ ಹೋದ. ನಿಮ್ಮ ಗೆಳೆಯನ ಹೆಸರೇನು ಎಂದು ಕೇಳಿದ್ದರೆ ನಮ್ಮ ಕತೆ ಮುಗಿಯುತ್ತಿತ್ತು. ನಮಗೆ ಗೊತ್ತಿದ್ದದ್ದು ಅವನ ಇನ್‌ಸ್ಟಾಗ್ರಾಮ್ ಖಾತೆಯ ಹೆಸರು ಮಾತ್ರ.

ಆತ ಪ್ಲೇಟ್ ನೋಡಿದ್ದು ಯಾಕೆಂದು ಆ ಮೇಲೆ ಓದಿ ತಿಳಿದುಕೊಂಡೆ. ಜಪಾನಿನಲ್ಲಿ ಸ್ವಂತ ಬಳಕೆಯ ಕಾರಿಗೆ ಬಿಳಿ ಪ್ಲೇಟ್. ದುಡ್ಡು ಪಡೆದು ಜನರನ್ನು ಒಯ್ಯುವ ವಾಹನಕ್ಕೆ ಹಸಿರು ಪ್ಲೇಟ್ ಇರಬೇಕು, ಚಾಲಕನಿಗೆ ಎರಡನೇ ದರ್ಜೆಯ ಪರವಾನಗಿ ಇರಬೇಕು. ನಮ್ಮಲ್ಲಿ ಹಳದಿ ಬೋರ್ಡು, ಬಿಳಿ ಬೋರ್ಡು ಇದ್ದ ಹಾಗೆ. ಬಿಳಿ ಪ್ಲೇಟಿನಲ್ಲಿ ಬಾಡಿಗೆ ಹೊಡೆಯುವುದನ್ನು ಅವರು ‘ಶಿರೊತಾಕು’, ಬಿಳಿ ಟ್ಯಾಕ್ಸಿ ಎನ್ನುತ್ತಾರೆ. ರಸ್ತೆ ಸಾರಿಗೆ ಕಾನೂನಿನಡಿ ಇದಕ್ಕೆ ಮೂರು ವರ್ಷದವರೆಗೆ ಸೆರೆವಾಸ ಅಥವಾ 30 ಲಕ್ಷ ಯೆನ್‌ವರೆಗೆ ದಂಡ. ಶಿಕ್ಷೆ ಚಾಲಕನಿಗೆ, ನಿಜ. ಆದರೆ ಸುರಂಗದಲ್ಲಿ ಕಾರು ಗೋಡೆಗೆ ಬಡಿದಿದ್ದರೆ? ಸ್ವಂತ ಬಳಕೆಗೆಂದು ಮಾಡಿಸಿದ ವಿಮೆ ಬಾಡಿಗೆ ಓಟದ ಪ್ರಯಾಣಿಕನ ಕೈ ಹಿಡಿಯುತ್ತದೆ ಎಂದು ನಂಬಿ ಕೂರುವುದು ಹುಂಬತನ. ಗೆಳೆಯರು ಎಂದು ಪೊಲೀಸರ ಮುಂದೆ ನಾನೇ ತಲೆಯಾಡಿಸಿದ ಮೇಲೆ ದೂರುವುದಕ್ಕೂ ಮುಖವಿರುತ್ತಿರಲಿಲ್ಲ.

ಎಲ್ಲ ಟೂರುಗಳೂ ಹೀಗಲ್ಲ. ಅನುಮತಿ ಪಡೆದ ವಾಹನದಲ್ಲಿ ಒಯ್ಯುವವರಿಗೆ ಕಾನೂನಿನ ಅಡ್ಡಿಯಿಲ್ಲ. ಬಾಡಿಗೆ ಕಾರನ್ನು ನಾವೇ ಓಡಿಸಿಕೊಂಡು ಗೈಡ್ ಹಿಂದೆ ಹೋಗಬಹುದು. 1949ರ ಜಿನೀವಾ ಒಪ್ಪಂದದ ಪ್ರಕಾರ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಜಪಾನಿನಲ್ಲಿ ನಡೆಯುತ್ತದೆ, ಭೇಟಿಗೆ ಬಂದವರಿಗೆ ಅಷ್ಟು ಸಾಕು. ಅದಕ್ಕೆ ದುಡ್ಡು ಹೆಚ್ಚು. ನಾವು ಅಗ್ಗದ್ದನ್ನೇ ಆರಿಸಿಕೊಂಡಿದ್ದೆವು.

ಇದನ್ನೆಲ್ಲ ಬರೀ ಪರವಾನಗಿಯ ತಕರಾರು ಎನ್ನಬಹುದಿತ್ತು, ಶೌಚಾಲಯದಲ್ಲಿ ಆ ಲಾರಿ ಚಾಲಕ ಸಿಗದಿದ್ದರೆ. ಮುಖ ತೊಳೆಯುತ್ತಿದ್ದರು. ಕಣ್ಣು ಕೆಂಪಗಿತ್ತು. ನನ್ನ ಹರಕುಮುರುಕು ಜಪಾನಿಯಲ್ಲಿ ಕ್ಷಮಿಸಿ ಎಂದು ಜಾಗ ಕೇಳಿದೆ. ಹೊರಗಿನ ಎಂಜಿನ್ ಸದ್ದಿನತ್ತ ಗಲ್ಲ ತೋರಿಸಿ “ಉರುಸೈ ನೇ” ಎಂದರು. ಗಲಾಟೆ ಅಲ್ಲವಾ ಎಂದಷ್ಟೇ ಅರ್ಥ. ಸಿಟ್ಟೂ ಇರಲಿಲ್ಲ, ಸುಸ್ತಿತ್ತು. ಪಾರ್ಕಿಂಗ್ ಏರಿಯಾ ಮೂಲತಃ ಇರುವುದು ಅವರಿಗಾಗಿ. ಜಪಾನಿನ ನಿಯಮದಂತೆ ಲಾರಿ ಚಾಲಕರು ನಾಲ್ಕು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ತೆಗೆದುಕೊಳ್ಳಲೇಬೇಕು. 2024ರ ಏಪ್ರಿಲ್‌ನಿಂದ ಅವರ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 960 ಗಂಟೆಯ ಮಿತಿಯೂ ಬಂದಿದೆ. ಅತಿಯಾಗಿ ದುಡಿದು ಸಾಯುವವರನ್ನು ಉಳಿಸಲೆಂದು ತಂದ ಕಾನೂನು ಅದು. ಬಿಡುವು ಕಡ್ಡಾಯ ಮಾಡಿದ ದೇಶದಲ್ಲಿ ಬಿಡುವಿನ ಜಾಗವನ್ನು ನಾವು ಪ್ರದರ್ಶನದ ಮೈದಾನ ಮಾಡಿಕೊಂಡಿದ್ದೆವು.

ಹಾಗೆಂದು ಕಾರು ಪ್ರೇಮಿಗಳನ್ನೆಲ್ಲ ಪುಂಡರು ಎನ್ನಲು ನಾನು ತಯಾರಿಲ್ಲ. ಜಪಾನ್ ಅದನ್ನೂ ಕಂಡಿದೆ. ‘ಬೊಸೊಜೊಕು’ ಎಂಬ ಬೈಕ್ ಗುಂಪುಗಳಲ್ಲಿ 1982ರ ಸುಮಾರಿಗೆ 42 ಸಾವಿರ ಮಂದಿ ಇದ್ದರು ಎನ್ನುತ್ತದೆ ಪೊಲೀಸ್ ಲೆಕ್ಕ. ಕಾನೂನು ಬಿಗಿಯಾಗುತ್ತಾ ಹೋಯಿತು, ಅವು ಕರಗುತ್ತಾ ಹೋದವು. ಅದೇ ಸರ್ಕಾರ 1995ರಲ್ಲಿ ಮಾರ್ಪಾಡಿನ ನಿಯಮಗಳನ್ನು ಸಡಿಲಿಸಿತು. ಏನು ಬದಲಿಸಬಹುದು, ಯಾವುದಕ್ಕೆ ಅರ್ಜಿ ಹಾಕಬೇಕು, ಸದ್ದು ಎಷ್ಟಿರಬೇಕು ಎಂಬುದಕ್ಕೆ ಅಲ್ಲಿ ಲೆಕ್ಕವಿದೆ. ಆ ದಂಪತಿಯ ಸ್ಕೈಲೈನ್ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಪಾಸಾಗಿಯೇ ರಸ್ತೆಗಿಳಿಯಬೇಕು.

ನಮ್ಮಲ್ಲಿ ಲೆಕ್ಕವೇ ಬೇರೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಆದರೂ ಅದೇ ಪಾರ್ಟ್ಸ್ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತವೆ. ಕರ್ಕಶ ಸೈಲೆನ್ಸರ್‌ಗಳನ್ನು ಸಾಲಾಗಿಟ್ಟು ಪೊಲೀಸರು ರೋಡ್ ರೋಲರ್ ಹರಿಸಿದ ಫೋಟೊಗಳನ್ನು ನಮ್ಮ ಪತ್ರಿಕೆಗಳಲ್ಲಿ ನೋಡಿದ್ದೇವೆ. ಸೈಲೆನ್ಸರ್ ಪುಡಿಯಾಗಲಿ, ಅದಕ್ಕೆ ನನ್ನ ತಕರಾರಿಲ್ಲ. ರಾತ್ರಿ ಹನ್ನೆರಡಕ್ಕೆ ಮನೆ ಮುಂದೆ ಅದು ಹಾದುಹೋದಾಗ ಎದ್ದು ಕೂರುವ ನನ್ನ ಅಜ್ಜಿಗೂ ಇಲ್ಲ. ಆದರೆ ಚಕ್ರ, ಸಸ್ಪೆನ್ಷನ್, ಬಣ್ಣದ ಮೇಲೆ ಪ್ರೀತಿಯಿಟ್ಟ ಮೆಕ್ಯಾನಿಕ್ ಹುಡುಗ ಮತ್ತು ವೀಲಿ ಮಾಡುವ ಪುಂಡ ಇಬ್ಬರೂ ಒಂದೇ ರೋಲರ್ ಕೆಳಗೆ ಬರಬೇಕೇ? ಅರ್ಜಿ ಹಾಕಿ ತಪಾಸಣೆ ಮಾಡಿಸಿಕೊಳ್ಳುವ ಸರಳ ದಾರಿ ಇದ್ದಿದ್ದರೆ ಇಬ್ಬರನ್ನೂ ಬೇರೆ ಮಾಡಿ ನೋಡಲು ಸಾಧ್ಯವಿತ್ತು.

ಡೈಕೊಕುವಿಗೂ ನನಗೆ ತೋಚುವುದು ಅದೇ ಬಗೆಯ ಪರಿಹಾರ. ಬಿಳಿ ಪ್ಲೇಟಿನ ಟೂರುಗಳನ್ನು ಹಿಡಿಯಲಿ. ಜತೆಗೆ ಲಾರಿಯವರ ನಿದ್ದೆ ಕೆಡದ ಜಾಗದಲ್ಲಿ, ರೈಲು ಹೋಗುವ ಕಡೆ, ತಿಂಗಳಿಗೊಂದು ರಾತ್ರಿ ಟಿಕೆಟ್ ಇಟ್ಟು ಈ ಕಾರುಗಳನ್ನು ನಿಲ್ಲಿಸಲಿ. ಟಿಕೆಟ್ ದುಡ್ಡು ಕಾರಿನವರಿಗೇ ಹೋಗಲಿ. ಹೀಗೆಂದಾಗ ನನ್ನ ಜಪಾನಿ ಸಹೋದ್ಯೋಗಿ ನಕ್ಕುಬಿಟ್ಟರು. “ಟಿಕೆಟ್ ಇಟ್ಟ ದಿನ ಅವರು ಬರುವುದಿಲ್ಲ, ಬೇರೆ ಪಾರ್ಕಿಂಗ್ ಹುಡುಕಿಕೊಳ್ಳುತ್ತಾರೆ” ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಚಾಲಕ ನಮ್ಮನ್ನು ಶಿಂಜುಕುವಿನಲ್ಲಿ ಇಳಿಸಿದ. ಒಳ್ಳೆಯ ಹುಡುಗನೇ. ಹಗಲು ಗ್ಯಾರೇಜಿನಲ್ಲಿ ಕೆಲಸ, ಕಾರಿನ ಸಾಲ ತೀರಿಸಲು ಇದು ಎಂದ. ಕೈ ಕುಲುಕಿ, ಐದು ಸ್ಟಾರ್ ಕೊಡಿ ಎಂದು ಕೇಳಿದ. ಹುಬ್ಬಳ್ಳಿಯ ನನ್ನ ಚಿಕ್ಕಪ್ಪನ ಮಗ ಮಾರ್ಚ್‌ನಲ್ಲಿ ಇಲ್ಲಿಗೆ ಬರುತ್ತಿದ್ದಾನೆ. ಫೋಟೊ ನೋಡಿದಾಗಿನಿಂದ ದಿನಾ ಒಂದೇ ಮೆಸೇಜು: “ಅಣ್ಣಾ, ಆ ಡ್ರೈವರ್ ನಂಬರ್ ಕಳಿಸೋ.” ಬಾಡಿಗೆ ಕಾರಿನ ದರಪಟ್ಟಿ ಕಳಿಸಿದ್ದೇನೆ, ಆರ್‌ಟಿಒಗೆ ಹೋಗಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೋ ಎಂದಿದ್ದೇನೆ. ದರ ನೋಡಿ ಇನ್ನೂ ಉತ್ತರಿಸಿಲ್ಲ.